ಬೆಕ್ಕಿನ ತಳದ ಅಕ್ಷರ: ಫ್ರೆಂಚ್ ಮಣ್ಣಿನ ಪ್ರಾಣಿಗಳ ಗುರುತು ಓದುವುದು ಹೇಗೆ?

(ಹಳೆಯ ವಸ್ತುಗಳ ಸಂಗ್ರಾಹಕರ ಒಂದು ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಮಸ್ಕಾರ. ಒಳಗೆ ಬರುವಾಗ ನಿಮ್ಮಲ್ಲಿ ಹಲವರು ಈ ಮೇಜಿನ ಮುಂದೆ ನಿಂತು ಹಳದಿ ಬೆಕ್ಕನ್ನು ನೋಡಿದಿರಿ. ಇಬ್ಬರು ಅದನ್ನು ಎತ್ತಿ ತಳ ನೋಡಿದ್ದನ್ನೂ ಗಮನಿಸಿದೆ. ಸಂಗ್ರಹದ ಹವ್ಯಾಸ ಹತ್ತಿದವರ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ತಳದಲ್ಲಿ ನೀಲಿ ಬಣ್ಣದ ಹೆಸರೊಂದರ ಅರ್ಧ ಮಾತ್ರ ಈಗ ಉಳಿದಿದೆ. ಇನ್ನರ್ಧ ಏನಾಯಿತು ಎನ್ನುವಲ್ಲಿಂದಲೇ ಮಾತು ಆರಂಭಿಸುತ್ತೇನೆ.

ಕೆಲಸದ ನಿಮಿತ್ತ ನಾನು ಉತ್ತರ ಫ್ರಾನ್ಸಿನ ಲಿಲ್ ನಗರದಲ್ಲಿ ಏಳು ವರ್ಷ ಇದ್ದೆ. ಸೆಪ್ಟೆಂಬರ್ ತಿಂಗಳ ಮೊದಲ ವಾರಾಂತ್ಯದಲ್ಲಿ ಅಲ್ಲಿ ‘ಬ್ರಾದ್ರಿ’ ಎಂಬ ದೊಡ್ಡ ಸಂತೆ ನೆರೆಯುತ್ತದೆ. ಬೀದಿಬೀದಿಯಲ್ಲಿ ಹಳೆಯ ಸಾಮಾನು ಹರಡಿಕೊಂಡು ಕೂರುತ್ತಾರೆ, ಹೋಟೆಲುಗಳ ಮುಂದೆ ಜನ ತಿಂದು ಬಿಟ್ಟ ಕಪ್ಪೆಚಿಪ್ಪುಗಳ ಗುಡ್ಡೆ ಬೆಳೆಯುತ್ತದೆ. ಅಂಥ ಒಂದು ಸಂಜೆ ಈ ಬೆಕ್ಕು ಕಣ್ಣಿಗೆ ಬಿತ್ತು. ಹಳದಿ ಮೈ, ಮೈತುಂಬ ನೀಲಿ ಚುಕ್ಕಿ ಮತ್ತು ಹೃದಯದ ಆಕಾರಗಳು, ಗಾಜಿನ ಕಣ್ಣು, ತುಟಿಯ ಮೇಲೆ ನಗು. ಕೊರಳಿನ ಪದಕದಲ್ಲಿ ನಾಯಿಯ ಮುಖದ ಚಿತ್ರ. ಬೆಕ್ಕಿನ ಕೊರಳಲ್ಲಿ ನಾಯಿಯ ಭಾವಚಿತ್ರ ತೂಗಿಬಿಟ್ಟ ಕಲಾವಿದನ ಹೆಸರು ಎಮಿಲ್ ಗಾಲೆ. 1846ರಿಂದ 1904ರವರೆಗೆ ಬದುಕಿದ್ದ ನಾನ್ಸಿ ಪಟ್ಟಣದ ಈ ಮನುಷ್ಯ ಗಾಜಿನ ಕೆಲಸಕ್ಕೆ ಲೋಕಪ್ರಸಿದ್ಧ. ಅದರ ಜೊತೆಗೆ ಅವನು ಮಾಡಿಸಿದ ಫಯಾನ್ಸ್ ಎಂಬ ಬಗೆಯ ಮಣ್ಣಿನ ಬೆಕ್ಕುಗಳಿಗೂ ಅಭಿಮಾನಿಗಳಿದ್ದಾರೆ. ತಳದಲ್ಲಿ ‘ಗಾಲೆ, ನಾನ್ಸಿ’ ಎಂದು ಬರೆದಿತ್ತು. ಹೆಚ್ಚು ಚೌಕಾಸಿ ಮಾಡದೆ ಹಣ ಕೊಟ್ಟು ತಂದೆ.

ಮನೆಯಲ್ಲಿ ಭೂತಗನ್ನಡಿ ಹಿಡಿದಾಗ ಎದೆ ಧಸಕ್ಕೆಂದಿತು. ಹಳೆಯ ಫಯಾನ್ಸಿನ ಮೆರುಗಿನಲ್ಲಿ, ಅಂದರೆ ಮೇಲಿನ ಗಾಜಿನಂಥ ಲೇಪದಲ್ಲಿ, ಕೂದಲೆಳೆಯಂಥ ಬಿರುಕುಗಳ ಬಲೆ ಇರುತ್ತದೆ. ವರ್ಷಗಳ ಕೊಳೆ ಇಳಿದು ಆ ಗೆರೆಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಈ ಬೆಕ್ಕಿನ ತಳದ ಕಂದು ಗೆರೆಯೊಂದು ನೀಲಿ ಅಕ್ಷರದ ಅಂಚಿಗೆ ಬಂದು ಅದರ ಅಡಿಯಲ್ಲಿ ಮರೆಯಾಗಿ ಆಚೆ ಬದಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಅಕ್ಷರವನ್ನು ಮೆರುಗಿನ ಜೊತೆಗೇ ಸುಟ್ಟಿದ್ದರೆ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಬೇಕಿತ್ತು. ಇಲ್ಲಿ ಬಿರುಕು ಮೊದಲು, ಕೊಳೆ ಆಮೇಲೆ, ಸಹಿ ಎಲ್ಲಕ್ಕಿಂತ ಕೊನೆಗೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಒಂದು ತುದಿಯನ್ನು ಮೆಲ್ಲಗೆ ಒರೆಸಿದೆ. ಹತ್ತಿ ನೀಲಿಯಾಯಿತು. ಅರ್ಧ ಹೆಸರು ಹೋಯಿತು. ಉಳಿದರ್ಧವನ್ನು ಹೀಗೆ ತೋರಿಸುವುದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಶಾಸನ ಓದುವವರಲ್ಲಿ ‘ಕೂಟಶಾಸನ’ ಎಂಬ ಮಾತಿದೆ. ಯಾವುದೋ ರಾಜನ ಹೆಸರಿನಲ್ಲಿ, ಯಾವುದೋ ಕಾಲದಲ್ಲಿ, ಇನ್ಯಾರೋ ಹೊರಡಿಸಿದ ಸುಳ್ಳು ಶಾಸನ. ಅಂಥದ್ದನ್ನು ಲಿಪಿ, ಭಾಷೆ, ತಾಮ್ರ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗಲೇ ಹಿಡಿಯಲು ಸಾಧ್ಯ. ಪಿಂಗಾಣಿ ಮತ್ತು ಮಣ್ಣಿನ ಪ್ರಾಣಿಗಳ ವಿಷಯದಲ್ಲೂ ನಾನು ಹಿಡಿದ ದಾರಿ ಅದೇ. ತಳದ ಗುರುತನ್ನು ಕೊನೆಗೆ ಓದುತ್ತೇನೆ. ಮೊದಲು ತೂಕ, ಮಣ್ಣಿನ ಬಣ್ಣ, ಮೆರುಗು, ಅಚ್ಚಿನ ಗೆರೆ, ಸವೆತ. ಇವು ಹೇಳುವ ಮಾತಿಗೆ ಗುರುತು ಹೊಂದಿಕೊಂಡರೆ ಮಾತ್ರ ಅದನ್ನು ನಂಬುತ್ತೇನೆ.

ಫಯಾನ್ಸ್ ಎಂದರೇನೆಂದು ಎರಡು ಮಾತು. ಇಟಲಿಯ ಫಯೆಂಜಾ ಊರಿನಿಂದ ಬಂದ ಹೆಸರು ಇದು. ಮಾಮೂಲಿ ಮಣ್ಣಿನ ಪಾತ್ರೆಗೆ ತವರ ಬೆರೆಸಿದ ಬಿಳಿ ಮೆರುಗು ಕೊಟ್ಟು, ಅದರ ಮೇಲೆ ಬಣ್ಣದ ಚಿತ್ರ ಬರೆದು ಸುಡುತ್ತಾರೆ. ನೋಡಲು ಪಿಂಗಾಣಿಯಂತಿದ್ದರೂ ಒಳಗಿನ ಮಣ್ಣು ನೀರು ಹೀರುತ್ತದೆ. ಅಂಚು ಒಡೆದಲ್ಲಿ ಬಿಳಿಯ ಕೆಳಗೆ ಮಾಸಲು ಹಳದಿ ಅಥವಾ ಕೆಂಪು ಮಣ್ಣು ಇಣುಕುತ್ತದೆ. ಉಬ್ಬು ಆಕಾರಗಳ ಮೇಲೆ ದಟ್ಟ ಬಣ್ಣದ ಮೆರುಗು ಹರಿಸಿದ ಇನ್ನೊಂದು ಬಗೆಯನ್ನು ಫ್ರೆಂಚರು ‘ಬಾರ್ಬೋತಿನ್’ ಎನ್ನುತ್ತಾರೆ. ಬಾತುಕೋಳಿ, ಹುಂಜ, ಗಿಳಿ, ಹಂದಿಗಳ ಆಕಾರದ ಹೂಜಿಗಳೆಲ್ಲ ಹೆಚ್ಚಾಗಿ ಈ ಬಗೆಯವು.

ಈಗ ಗುರುತಿನ ಮಾತು. ಅದನ್ನು ಮಾಡುವ ವಿಧಾನವೇ ಅರ್ಧ ಕಥೆ ಹೇಳುತ್ತದೆ. ಹಸಿ ಮಣ್ಣಿನಲ್ಲಿ ಕಡ್ಡಿಯಿಂದ ಕೊರೆದ ಅಕ್ಷರ ಒಂದು ಬಗೆ, ಲೋಹದ ಠಸ್ಸೆಯಿಂದ ಒತ್ತಿದ್ದು ಇನ್ನೊಂದು. ಮೆರುಗಿನ ಜೊತೆ ಸುಡುವಂತೆ ಕುಂಚದಲ್ಲಿ ಬರೆದದ್ದು ಬೇರೆ, ಮೆರುಗಿನ ಮೇಲೆ ರಬ್ಬರ್ ಮೊಹರಿನಿಂದ ಹೊಡೆದದ್ದು ಬೇರೆ. ಇವುಗಳಲ್ಲಿ ಕೊರೆದದ್ದನ್ನು ಪರೀಕ್ಷಿಸುವುದು ನನಗೆ ಬಹಳ ಇಷ್ಟ. ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಮಲಗಿಸಿ ಹಿಡಿಯಿರಿ. ಹಸಿ ಮಣ್ಣಿನಲ್ಲಿ ಕಡ್ಡಿ ಎಳೆದಾಗ ಮಣ್ಣು ಎರಡು ಕಡೆಗೂ ತುಸು ಎದ್ದು ನಿಲ್ಲುತ್ತದೆ, ಉತ್ತ ಸಾಲಿನ ಬದಿಯಲ್ಲಿ ಏರಿ ಎದ್ದ ಹಾಗೆ. ತಳಕ್ಕೂ ಮೆರುಗು ಕೊಟ್ಟಿದ್ದರೆ ಅದು ಆ ಸಾಲಿನಲ್ಲಿ ಇಳಿದು ನಿಂತು ಗಾಢವಾಗಿ ಕಾಣುತ್ತದೆ. ಸುಟ್ಟ ಎಷ್ಟೋ ಕಾಲದ ಮೇಲೆ ಮೊಳೆಯಿಂದ ಗೀಚಿದ ಹೆಸರಿಗೆ ಈ ಏರಿ ಬರುವುದಿಲ್ಲ. ಅಂಚಿನಲ್ಲಿ ಮೆರುಗು ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ, ಸಾಲಿನೊಳಗಿನ ಮಣ್ಣು ಹೊಸದಾಗಿ ಬೆಳ್ಳಗಿರುತ್ತದೆ. ಕೊಳೆ ತಿಕ್ಕಿ ಮುಚ್ಚಿದರೂ ಭೂತಗನ್ನಡಿಯ ಕಣ್ಣಿಗೆ ಅದು ತಪ್ಪುವುದಿಲ್ಲ.

ತಳದಲ್ಲಿ ಒಂದು ಕಡೆ ಮಾತ್ರ ಉಜ್ಜಿದ ನುಣುಪು ಇದ್ದರೆ ಅಲ್ಲಿ ಬೇರೊಂದು ಗುರುತು ಇತ್ತೇ ಎಂದು ಕೇಳಿಕೊಳ್ಳಿ. ಬೇರೆ ದೇಶದ ಹೆಸರನ್ನು ಅರೆದು ತೆಗೆದು ‘ಫ್ರೆಂಚ್’ ಎಂದು ಮಾರುವುದುಂಟು.

ಇನ್ನು ತಳದ ಬರಹದಲ್ಲಿ ಹೆಸರಲ್ಲದ ಮಾತುಗಳು. ‘ದೆಪೋಜೆ’ ಎಂದು ಬರೆದಿದ್ದನ್ನು ಕಂಡು ಒಬ್ಬ ಗೆಳೆಯರು ದೆಪೋಜೆ ಎಂಬ ಕುಂಬಾರನನ್ನು ಎರಡು ವರ್ಷ ಹುಡುಕಿದರು. ಆ ಪದಕ್ಕೆ ಮಾದರಿಯನ್ನು ನೋಂದಾಯಿಸಲಾಗಿದೆ ಎಂದಷ್ಟೇ ಅರ್ಥ. ‘ಪ್ಯಾಂ ಮ್ಯಾಂ’ ಎಂದರೆ ಕೈಯಿಂದ ಬಣ್ಣ ಹಾಕಿದ್ದು. ಒತ್ತಿದ ಅಂಕಿಗಳು ಬಹುತೇಕ ಅಚ್ಚಿನ ಸಂಖ್ಯೆಗಳು. 1885 ಎಂದಿದ್ದ ಮಾತ್ರಕ್ಕೆ ಅದು ಇಸವಿಯಾಗಬೇಕಿಲ್ಲ. ಲಿಲ್‌ಗೆ ಹತ್ತಿರದ ಒನ್ಯಾಂ ಕಾರ್ಖಾನೆಯ ಪ್ರಾಣಿ ಹೂಜಿಗಳು ಹಲವು ಬರಿಯ ಸಂಖ್ಯೆಯೊಂದಿಗೇ ಸಿಗುತ್ತವೆ. ಸಂಗ್ರಾಹಕರು ಆ ಸಂಖ್ಯೆಯನ್ನು ಅಚ್ಚಿನ ಆಕಾರಕ್ಕೆ ಹೊಂದಿಸಿ ಗುರುತು ಹಚ್ಚುತ್ತಾರೆ.

‘ಫ್ರಾನ್ಸ್’ ಎಂಬ ಪದ ಎಲ್ಲರೂ ಆಸೆಯಿಂದ ನೋಡುವಂಥದ್ದು. ಅಮೆರಿಕ 1890ರಲ್ಲಿ ಮಾಡಿದ ಸುಂಕದ ಕಾನೂನು 1891ರಲ್ಲಿ ಜಾರಿಗೆ ಬಂದು, ಹೊರದೇಶದ ಸರಕಿನ ಮೇಲೆ ಮೂಲ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕೆಂದಿತು. ಹೀಗಾಗಿ ಆ ಪದ ಇರುವ ಬೊಂಬೆಯನ್ನು ಸಾಮಾನ್ಯವಾಗಿ ಆ ವರ್ಷದ ಆಚೆಗೆ ಇಡುತ್ತೇವೆ. ಆದರೆ ಇದನ್ನು ತಿರುವಿ ಹಾಕಬೇಡಿ. ಫ್ರಾನ್ಸಿನ ಒಳಗೇ ಮಾರಲು ಮಾಡಿದ ಬಾತುಕೋಳಿಗೆ ಅಮೆರಿಕದ ಕಾನೂನಿನ ಹಂಗೇ ಇರಲಿಲ್ಲ. ಪದ ಇಲ್ಲದಿದ್ದರೆ ಹಳೆಯದು ಎಂಬ ವಾದ ನಿಲ್ಲುವುದಿಲ್ಲ.

ಕೆಲವು ಗುರುತುಗಳಲ್ಲಿ ಗಡಿರೇಖೆಯ ನೋವೂ ಇದೆ. 1870–71ರ ಯುದ್ಧದಲ್ಲಿ ಸೋತ ಫ್ರಾನ್ಸ್, ಅಲ್ಸಾಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಜರ್ಮನಿಗೆ ಬಿಟ್ಟುಕೊಟ್ಟಿತು. ನಾನ್ಸಿ ಫ್ರಾನ್ಸಿನಲ್ಲೇ ಉಳಿಯಿತು. ಗಾಲೆ ತನ್ನ ಸಹಿಯ ಜೊತೆ ಎರಡು ಅಡ್ಡಪಟ್ಟಿಯ ಲೊರೇನ್ ಶಿಲುಬೆಯನ್ನು ಬರೆಯುತ್ತಿದ್ದುದಕ್ಕೆ ಹಿನ್ನೆಲೆ ಇದು. ಹೋದ ನೆಲವನ್ನು ಮರೆತಿಲ್ಲ ಎಂದು ಬೆಕ್ಕಿನ ಮೈಮೇಲೂ ಹೂದಾನಿಯ ಮೈಮೇಲೂ ಬರೆದಿಟ್ಟ. ಅತ್ತ ಸಾರ್ಗೆಮಿನ್ ಪಟ್ಟಣ ಜರ್ಮನಿಯ ಪಾಲಾಯಿತು. 1790ರಿಂದ ಅಲ್ಲಿದ್ದ ದೊಡ್ಡ ಕಾರ್ಖಾನೆ, ಫ್ರಾನ್ಸಿನ ಗಿರಾಕಿಗಳನ್ನು ಕಳೆದುಕೊಳ್ಳದಿರಲು, ಗಡಿಯ ಈಚೆ ದಿಗ್ವಾಂ ಎಂಬಲ್ಲಿ ಇನ್ನೊಂದು ಕಾರ್ಖಾನೆ ತೆರೆಯಿತು. ‘ದಿಗ್ವಾಂ’ ಮತ್ತು ‘ಸಾರ್ಗೆಮಿನ್’ ಎರಡೂ ಹೆಸರು ಜೊತೆಗಿರುವ ತಳವನ್ನು ನೋಡಿದಾಗಲೆಲ್ಲ, ಎರಡು ದೇಶಗಳಲ್ಲಿ ಕಾಲಿಟ್ಟು ನಿಂತ ಕುಟುಂಬವೊಂದನ್ನು ಕಂಡ ಹಾಗಾಗುತ್ತದೆ.

ಇದೇ ಲೊರೇನಿನದು ಈ ಎರಡನೆಯ ಪ್ರಾಣಿ, ಬಾತುಕೋಳಿ ಹೂಜಿ. ಕೊಕ್ಕಿನಿಂದ ನೀರು ಸುರಿಯುತ್ತದೆ, ಬೆನ್ನ ಹಿಂದೆ ಹಿಡಿಕೆ. ತಳದಲ್ಲಿ ‘ಸ್ಯಾಂ ಕ್ಲೆಮಾಂ, ಫ್ರಾನ್ಸ್’. ಝಾಕ್ ಶಾಂಬ್ರೆತ್ 1758ರಲ್ಲಿ ಅಲ್ಲಿ ಕಾರ್ಖಾನೆ ಆರಂಭಿಸಿದ. ಗಾಲೆಯ ತಂದೆ ಶಾರ್ಲ್ ತನ್ನ ಅಂಗಡಿಗೆ ಫಯಾನ್ಸ್ ಮಾಡಿಸಿಕೊಂಡದ್ದೂ ಇದೇ ಊರಿನಲ್ಲಿ. 1892ರಲ್ಲಿ ನೆರೆಯ ಲ್ಯುನೆವಿಲ್ಲಿನ ಕೆಲ್ಲರ್ ಮತ್ತು ಗೆರ‍್ಯಾಂ ಸಂಸ್ಥೆ ಆ ಕಾರ್ಖಾನೆಯನ್ನು ಕೊಂಡಿತು. ‘ಕೆ’ ಮತ್ತು ‘ಜಿ’ ಎಂಬ ಎರಡಕ್ಷರ ಕಂಡರೆ ಈ ಸಂಸ್ಥೆಯನ್ನು ನೆನೆಯಿರಿ. ಬಾತುಕೋಳಿ ಹೂಜಿ ಇಪ್ಪತ್ತನೆಯ ಶತಮಾನದಲ್ಲೂ ಬಹಳ ಕಾಲ ತಯಾರಾಯಿತು, ಹಾಗಾಗಿ ಊರಿನ ಹೆಸರಿನಿಂದ ವಯಸ್ಸು ತಿಳಿಯದು. ಇಲ್ಲಿ ಪಾದದ ಉಂಗುರ, ಅಂದರೆ ಹೂಜಿಯ ತಳ ನೆಲಕ್ಕೆ ತಾಗುವ ಸುತ್ತು, ನೋಡಿ. ದಿನವೂ ಮೇಜಿನ ಮೇಲೆ ಎಳೆದಾಡಿದ ಹೂಜಿಯಾದ್ದರಿಂದ ಒಂದು ಬದಿ ಹೆಚ್ಚು ಸವೆದಿದೆ, ಹಿಡಿಕೆ ಇರುವ ಬದಿ. ಬಗ್ಗಿಸಿ ಸುರಿದು ಮತ್ತೆ ಇಡುವಾಗ ಮೊದಲು ನೆಲ ಮುಟ್ಟುವುದು ಅದೇ. ಹಳತಾಗಿ ಕಾಣಲೆಂದು ಉಪ್ಪುಕಾಗದ ತಿಕ್ಕಿದವರು ಇಡೀ ಉಂಗುರವನ್ನು ಒಂದೇ ಸಮನಾಗಿ ಸವೆಸುತ್ತಾರೆ.

ಈಗ ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಸೀಮೆಗೆ ಹೋಗೋಣ. ಕ್ಯಾಂಪೇರ್ ಎಂಬ ಊರು. ಬರೆಯುವಾಗ ‘ಕ್ಯು’ ಅಕ್ಷರದಿಂದ ಬರೆಯುತ್ತಾರೆ, ಆದ್ದರಿಂದ ‘ಕ್ವಿಂಪರ್’ ಎಂದು ಓದಿ ತಬ್ಬಿಬ್ಬಾಗುವವರು ಹೆಚ್ಚು. 1690ರಲ್ಲಿ ಝಾನ್ ಬಾತಿಸ್ತ್ ಬೂಸ್ಕೆ ಇಲ್ಲಿ ಆವಿಗೆ ಹೂಡಿದ. ಇಲ್ಲಿಯ ತಟ್ಟೆಗಳ ಮೇಲಿನ ರೈತ ದಂಪತಿಯ ಚಿತ್ರ ಎಲ್ಲರಿಗೂ ಗೊತ್ತು, ಆದರೆ ಹಂಸದ ಆಕಾರದ ಉಪ್ಪಿನ ಬಟ್ಟಲುಗಳು ನನಗೆ ಅದಕ್ಕಿಂತ ಪ್ರಿಯ. ಬೂಸ್ಕೆಯ ವಂಶದ ಉಬೋದಿಯೇರ್ ಕುಟುಂಬದ ಗುರುತು ‘ಎಚ್’ ಮತ್ತು ‘ಬಿ’ ಕೂಡಿಸಿದ್ದು. ಝೂಲ್ ಆನ್ರಿಯೊ ಎಂಬ ಪ್ರತಿಸ್ಪರ್ಧಿಯ ಗುರುತು ‘ಎಚ್’ ಮತ್ತು ‘ಆರ್’ ಕೂಡಿಸಿದ್ದು. ‘ಬಿ’ ಮತ್ತು ‘ಆರ್’ ರೋಮನ್ ಲಿಪಿಯಲ್ಲಿ ಹೇಗಿವೆಯೆಂದು ನೆನಪಿಸಿಕೊಳ್ಳಿ. ಮೇಲಿನ ಹೊಟ್ಟೆ ಎರಡಕ್ಕೂ ಒಂದೇ, ಕೆಳಗೆ ಒಂದು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಕಾಲು ಚಾಚುತ್ತದೆ. ದಿನಕ್ಕೆ ನೂರಾರು ತಳಗಳ ಮೇಲೆ ಬೀಸುಕುಂಚದಲ್ಲಿ ಬರೆಯುವ ಕೈ ಆ ಕಾಲನ್ನು ಎಳೆದರೂ ಎಳೆಯಿತು, ಬಿಟ್ಟರೂ ಬಿಟ್ಟಿತು. ಗಿರಾಕಿಗಳಿಗೆ ಗೊಂದಲವಾಗುತ್ತಿದೆ ಎಂದು ಉಬೋದಿಯೇರ್ ಕಡೆಯವರು ನ್ಯಾಯಾಲಯಕ್ಕೆ ಹೋದರು. 1922ರಲ್ಲಿ ಆನ್ರಿಯೊ ಎರಡಕ್ಷರವನ್ನು ಕೈಬಿಟ್ಟು ತನ್ನ ಹೆಸರನ್ನೇ ಪೂರ್ತಿ ಬರೆಯತೊಡಗಿದ. ನಮಗೆ ಇದರಿಂದ ಉಪಕಾರವಾಯಿತು. ‘ಎಚ್‌ಆರ್ ಕ್ಯಾಂಪೇರ್’ ಎಂದಿರುವ ನಿಜವಾದ ಹಂಸ 1922ಕ್ಕೆ ಹಿಂದಿನದು. ‘ಆನ್ರಿಯೊ ಕ್ಯಾಂಪೇರ್’ ಎಂದಿದ್ದರೆ ಆಮೇಲಿನದು. 1968ರಲ್ಲಿ ಹಳೆಯ ಎದುರಾಳಿಗಳಿಬ್ಬರೂ ಒಂದಾದ ಮೇಲೆ ಎರಡು ಹೆಸರೂ ಒಂದೇ ತಳದಲ್ಲಿ ಕೂತವು.

ಕ್ಯಾಂಪೇರಿನ ತಳಗಳಲ್ಲಿ ಕಾರ್ಖಾನೆಯ ಗುರುತಿನ ಪಕ್ಕ ಒಮ್ಮೊಮ್ಮೆ ಸಣ್ಣ ಅಕ್ಷರಗಳೋ ಚುಕ್ಕೆಗಳೋ ಇರುತ್ತವೆ. ಅವು ಬಣ್ಣ ಹಾಕಿದವರ ಗುರುತುಗಳು. ಬೆಲೆಪಟ್ಟಿಯಲ್ಲಿ ಯಾರೂ ಅವನ್ನು ನಮೂದಿಸುವುದಿಲ್ಲ. ನಾನು ಮಾತ್ರ ನನ್ನ ಪುಸ್ತಕದಲ್ಲಿ ತಪ್ಪದೆ ಬರೆದಿಟ್ಟುಕೊಳ್ಳುತ್ತೇನೆ. ನನ್ನಲ್ಲಿರುವ ಎರಡು ಹಂಸಗಳ ತಳದಲ್ಲಿ ಒಂದೇ ಬಗೆಯ ಬಾಲವಿರುವ ‘ಎಂ’ ಅಕ್ಷರವಿದೆ. ಎರಡರ ರೆಕ್ಕೆಯಲ್ಲೂ ಕುಂಚ ಎಡದಿಂದ ಹೊರಟು ತುದಿಯಲ್ಲಿ ತುಸು ಒತ್ತಿ ನಿಂತಿದೆ. ಒಂದೇ ಕೈ. ಎರಡನ್ನೂ ಬೇರೆ ಬೇರೆ ಊರಿನ ಸಂತೆಗಳಲ್ಲಿ, ಮೂರು ವರ್ಷದ ಅಂತರದಲ್ಲಿ ಕೊಂಡಿದ್ದೆ. ಅವನ್ನು ಅಕ್ಕಪಕ್ಕ ಇಟ್ಟ ಆ ರಾತ್ರಿಯ ಸಂತೋಷವನ್ನು ಯಾವ ದುಬಾರಿ ವಸ್ತುವೂ ನನಗೆ ಕೊಟ್ಟಿಲ್ಲ.

ದಕ್ಷಿಣದ ಸಮುದ್ರತೀರದ ವಲ್ಲೋರಿಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿಯ ಮಾಸಿಯೆ ಕುಟುಂಬದಲ್ಲಿ ದೆಲ್ಫ್ಯಾಂ, ಅವನ ತಮ್ಮ ಕ್ಲೆಮಾಂ, ಬಂಧು ಝೆರೋಮ್ ಮೂವರೂ ಕುಶಲರು. ಹುಂಜ, ಕೊಕ್ಕರೆಗಳ ದೊಡ್ಡ ಬಾರ್ಬೋತಿನ್ ಬೊಂಬೆಗಳಿಗೆ ದೆಲ್ಫ್ಯಾಂ ಹೆಸರಾದವನು. ಬರಿ ‘ಮಾಸಿಯೆ’ ಎಂದಿದ್ದರೆ ಯಾವ ಮಾಸಿಯೆ ಎಂದು ಕೇಳಬೇಕು. ಹೆಸರಿನ ಮುಂದೆ ‘ಗೋಲ್ಫ್ ಜ್ವಾಂ’ ಎಂಬ ಊರಿದ್ದರೆ 1883ರಲ್ಲಿ ಅಲ್ಲಿಗೆ ಹೋದ ಕ್ಲೆಮಾಂನ ಕಡೆ ನೋಡಿ. ಕಂಸದಲ್ಲಿ ‘ಎ.ಎಂ.’ ಎಂದಿರುವುದು ಅಲ್ಪ್ ಮಾರಿತೀಮ್ ಎಂಬ ಜಿಲ್ಲೆಯ ಹೆಸರು, ಕುಶಲಕರ್ಮಿಯ ಇನಿಷಿಯಲ್ ಎಂದುಕೊಳ್ಳಬೇಡಿ. ಇದೇ ಊರಿನ ಮದೂರಾ ಕಾರ್ಯಾಗಾರದಲ್ಲಿ 1947ರಿಂದ ಪಿಕಾಸೊ ಗೂಬೆಗಳನ್ನು ಮಾಡಿದ. ಅವುಗಳ ಅಧಿಕೃತ ಪ್ರತಿಗಳ ಮೇಲೆ ‘ಎದಿಸ್ಯೋಂ ಪಿಕಾಸೊ’ ಮತ್ತು ‘ಮದೂರಾ’ ಎಂಬ ಠಸ್ಸೆಗಳಿರುತ್ತವೆ. ಬರಿ ‘ವಲ್ಲೋರಿಸ್’ ಎಂದು ಬರೆದ ಗೂಬೆಯನ್ನು ಪಿಕಾಸೊ ಬೆಲೆಗೆ ಕೊಳ್ಳಬೇಡಿ.

ಊರಿನ ಹೆಸರು ಶೈಲಿಯ ಹೆಸರಾಗುವುದೂ ಉಂಟು. ಕುಂಬಾರರ ಊರಾದ ದೆವ್ರ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ರುವಾಂ, ಮುಸ್ತಿಯೆ, ದೆಲ್ಫ್ಟ್ ಎಂಬ ಬೇರೆ ಊರುಗಳ ಶೈಲಿಗಳಲ್ಲಿ ಸರಕು ಮಾಡುತ್ತ ಬಂದರು. ತಳದಲ್ಲಿ ‘ರುವಾಂ’ ಎಂದಿರುವ ಬೆಕ್ಕು ರುವಾಂ ಊರನ್ನು ಕಾಣದೆಯೇ ಇರಬಹುದು. ಮಾಡಿದವರು ಮೋಸ ಮಾಡಿದರೆಂದು ಇದರರ್ಥವಲ್ಲ. ಧಾರವಾಡದಾಚೆಯ ಅಂಗಡಿಯೂ ಫಲಕದಲ್ಲಿ ಧಾರವಾಡ ಪೇಡ ಎಂದು ಬರೆಯುವ ಹಾಗೆ.

ಪ್ರಾಣಿಗಳ ಕಿವಿ ಮತ್ತು ಬಾಲ ಎಲ್ಲಕ್ಕಿಂತ ಮೊದಲು ಮುರಿಯುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುರಿದದ್ದನ್ನು ಅಂಟಿಸಿ ಬಣ್ಣ ಬಳಿದ ಜಾಗ ಕಣ್ಣಿಗೆ ಕಾಣದಿದ್ದರೂ ನೇರಳಾತೀತ ದೀಪದಡಿ ಉಳಿದ ಮೈಗಿಂತ ಬೇರೆಯಾಗಿ ಹೊಳೆಯುತ್ತದೆ. ನೋಟು ಪರೀಕ್ಷಿಸುವ ಚಿಕ್ಕ ದೀಪ ಸಾಕು. ಅದೇ ಬೆಳಕಿನಲ್ಲಿ ತಳವನ್ನೂ ನೋಡಿ, ಆಮೇಲೆ ಸೇರಿಸಿದ ಸಹಿಯೂ ಬಯಲಾಗಬಹುದು.

ಮುಗಿಸುವ ಮೊದಲು, ಎಂದೂ ಸಹಿ ಹಾಕದವನ ಮಾತು. ಬೆರ್ನಾರ್ ಪಾಲಿಸ್ಸಿ ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರ. ಬಿಳಿ ಮೆರುಗಿನ ಗುಟ್ಟು ಹುಡುಕುತ್ತ ವರ್ಷಗಟ್ಟಲೆ ಸೋತು, ಕಟ್ಟಿಗೆ ತೀರಿದಾಗ ಮನೆಯ ಮೇಜನ್ನೂ ನೆಲದ ಹಲಗೆಗಳನ್ನೂ ಕಿತ್ತು ಆವಿಗೆಗೆ ಹಾಕಿದೆನೆಂದು ಅವನೇ ಬರೆದಿದ್ದಾನೆ. ನಿಜವಾದ ಹಾವು, ಹಲ್ಲಿ, ಕಪ್ಪೆಗಳಿಂದ ಅಚ್ಚು ತೆಗೆದು ತಟ್ಟೆಗಳ ಮೇಲೆ ಕೂರಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ತೂರ್ ಪಟ್ಟಣದ ಶಾರ್ಲ್ ಅವಿಸ್ಸೋ, ಪ್ಯಾರಿಸ್ಸಿನ ಝೋರ್ಝ್ ಪುಲ್ ಮುಂತಾದವರು ಆ ಕಲೆಯನ್ನು ಮತ್ತೆ ಎಬ್ಬಿಸಿದರು. ಅವಿಸ್ಸೋ ಕೂಡಕ್ಷರದಲ್ಲಿ, ಪುಲ್ ತನ್ನ ಹೆಸರಿನಲ್ಲಿ ಗುರುತು ಹಾಕಿದರು. ಪಾಲಿಸ್ಸಿಯದು ಯಾವುದು, ಅನುಯಾಯಿಗಳದು ಯಾವುದು ಎಂಬ ಜಗಳ ಬಹುಕಾಲ ನಡೆಯಿತು. 1980ರ ದಶಕದಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಆವರಣವನ್ನು ಅಗೆದಾಗ ಅವನ ಕಾರ್ಯಾಗಾರದ ಅಚ್ಚುಗಳೂ ಚೂರುಗಳೂ ಸಿಕ್ಕವು. ಅಂದಿನಿಂದ ತಟ್ಟೆಯ ಹಲ್ಲಿಯನ್ನು ಅಚ್ಚಿನ ಹಲ್ಲಿಯೊಂದಿಗೆ ಹೋಲಿಸಿ ನೋಡಲು ಸಾಧ್ಯವಾಯಿತು. ಅಕ್ಷರ ಇಲ್ಲದಲ್ಲಿ ಹಲ್ಲಿಯ ಚರ್ಮದ ಹುರುಪೆಯೇ ಸಾಕ್ಷಿ ಹೇಳಿತು.

ಮಾತು ಮುಗಿದು ಪ್ರಶ್ನೆಗಳ ಸಮಯದಲ್ಲಿ ಮೂರನೆಯ ಸಾಲಿನಿಂದ ಹಿರಿಯರೊಬ್ಬರು ಎದ್ದು ಬಂದರು. ಕಾರವಾರದವರು. ಪಂಚೆಯ ತುಂಡಿನಲ್ಲಿ ಸುತ್ತಿದ್ದ ಒಂದು ಅಂಗೈಯಗಲದ ತಟ್ಟೆಯನ್ನು ಬಿಚ್ಚಿ ಮುಂದಿಟ್ಟರು. ಹಸಿರು ಪಾಚಿಯ ಮೇಲೆ ಮಲಗಿದ ಹಲ್ಲಿ.

“ನಮ್ಮ ತಾತ ಪಣಜಿಯಲ್ಲಿ ಕೆಲಸದಲ್ಲಿದ್ದಾಗ ಯಾರೋ ಕೊಟ್ಟದ್ದಂತೆ. ಪಾಲಿಸ್ಸಿ ಎಂದು ಒಬ್ಬರು ಹೇಳಿದರು. ತಳದಲ್ಲಿ ಏನೂ ಇಲ್ಲ. ನೀವು ಏನನ್ನುತ್ತೀರಿ, ಮೇಡಂ?”

ನಾನು ತಳ ನೋಡದೆ ಪಾಚಿ ನೋಡಿದೆ. ಜರಡಿಯಲ್ಲಿ ಒತ್ತಿದ ಸೇವಿಗೆಯಂತೆ ಸಣ್ಣ ಸಣ್ಣ ಮಣ್ಣಿನ ಎಳೆಗಳು ಒತ್ತೊತ್ತಾಗಿ ನಿಂತಿದ್ದವು. ಪೋರ್ಚುಗಲ್ಲಿನ ಕಾಲ್ದಾಸ್ ದ ರೈನ್ಯ ಊರಿನ ಕುಂಬಾರರ ಕೈ ಅದು. ಅವರೂ ಪಾಲಿಸ್ಸಿಯ ಹಾದಿಯಲ್ಲಿ ನಡೆದವರೇ. “ಸ್ವಲ್ಪ ಒರೆಸಬಹುದೇ?” ಎಂದು ಕೇಳಿದೆ. ಅವರು ತಲೆಯಾಡಿಸಿದರು. ಒದ್ದೆ ಬಟ್ಟೆಯಿಂದ ತಳದ ಮಸಿಯನ್ನು ನಾಲ್ಕೈದು ಸಲ ಒರೆಸಿ ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿದಾಗ, ಮಣ್ಣಿನಲ್ಲಿ ಒತ್ತಿದ ಅಕ್ಷರಗಳು ಒಂದೊಂದಾಗಿ ಎದ್ದವು: ಮಾಫ್ರಾ, ಕಾಲ್ದಾಸ್, ಪೋರ್ಚುಗಲ್. ಮಾಫ್ರಾ ಎಂಬುದು ಅಲ್ಲಿಯ ಕುಂಬಾರನ ಹೆಸರು.

ಹಿರಿಯರು ಕನ್ನಡಕ ಸರಿಮಾಡಿಕೊಂಡು ತಾವೇ ಒಮ್ಮೆ ಓದಿದರು, ಬೆರಳಿನಿಂದ ತಡವಿ ಇನ್ನೊಮ್ಮೆ ಓದಿದರು. ತೇವ ಆರುವವರೆಗೆ ತಟ್ಟೆಯನ್ನು ಸುತ್ತಬೇಡಿ ಎಂದೆ. ಸಭೆ ಚದುರಿ ಕುರ್ಚಿಗಳನ್ನು ಮಡಚುತ್ತಿದ್ದಾಗಲೂ ಅವರು ಕಿಟಕಿಯ ಬಳಿ ಅದನ್ನು ಬೋರಲಾಗಿ ಹಿಡಿದುಕೊಂಡೇ ಕುಳಿತಿದ್ದರು.